ಬೆರಳು ಹೋಗದ ಸಂದು

ಚಿತ್ತಾಪುರದ ಒಂದು ಪಂಕ್ಚರ್ ಅಂಗಡಿಗೆ ನಾನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದೆ. ಚಕ್ರ ತಿರುಗುತ್ತಿರಲಿಲ್ಲ, ಹೊರದೆ ಬೇರೆ ದಾರಿ ಇರಲಿಲ್ಲ. ಆಗಸ್ಟ್ ತಿಂಗಳು, ಹಿಂದಿನ ರಾತ್ರಿ ಜೋರು ಮಳೆ, ಬೆಳಿಗ್ಗೆ ಎಳೆ ಬಿಸಿಲು. ಡಾಂಬರು ಬಿಟ್ಟು ತೊಗರಿ ಹೊಲದ ನಡುವಿನ ದಾರಿಯಲ್ಲಿ ಹೋದರೆ ಎರಡು ಕಿಲೋಮೀಟರ್ ಉಳಿಯುತ್ತದೆ ಎಂಬ ಆಸೆಗೆ ಬಿದ್ದಿದ್ದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ, ವಾರದ ಹಿಂದಷ್ಟೇ ಕೂಡಿಸಿದ್ದ ಹೊಸ ಕ್ಲಿಪ್-ಆನ್ ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ಕರಿ ಎರೆ ಮಣ್ಣು ಹೋಳಿಗೆಯೊಳಗಿನ ಹೂರಣದ ಹಾಗೆ ತುಂಬಿಕೊಂಡಿತು. ಇನ್ನೂ ಹತ್ತು ಹೆಜ್ಜೆಗೆ ಚಕ್ರ ನಿಂತೇಹೋಯಿತು.

ಅಂಗಡಿಯ ಕಾಕಾ ಸೈಕಲ್ ತಿರುವಿ ಹಾಕಿ, ಕಡ್ಡಿಯಿಂದ ಒಂದಿಷ್ಟು ಮಣ್ಣು ಕೆದರಿದರು. ಆಮೇಲೆ ಟೈರು ಮತ್ತು ಬ್ರೇಕಿನ ನಡುವಿನ ಜಾಗಕ್ಕೆ ತಮ್ಮ ಕಿರುಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

“ಸರ, ಇದರಾಗ ನನ್ನ ಕಿರಿಬೆರಳ ಹೋಗಲ್ಲ. ಬೆರಳ ಹೋಗದ ಸಂದಿನ್ಯಾಗಿಂದ ರಾಡಿ ಹ್ಯಾಂಗ ಹೊರಗ ಬರ್ತದ ಹೇಳ್ರಿ?”

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದದ್ದರಿಂದಲೇ ಈ ಅಧ್ಯಾಯ ಹುಟ್ಟಿತು.

ಕಾಕಾನ ಅಂಗಡಿಯ ಮುಂದೆ ನಿಂತಿದ್ದ ಬೇರೆ ಸೈಕಲ್‌ಗಳಿಗೆ ಈ ತೊಂದರೆ ಇರಲಿಲ್ಲ. ನಮ್ಮ ತಂದೆಯವರ ಕಾಲದ ಕರಿ ಸೈಕಲ್ ನೆನಪಿಸಿಕೊಳ್ಳಿ: 28 ಇಂಚಿನ ಚಕ್ರ, ಒಂದೂವರೆ ಇಂಚು ಅಗಲದ ಟೈರು, ತಗಡಿನ ಉದ್ದನೆಯ ಮಡ್‌ಗಾರ್ಡ್, ಅದಕ್ಕೆ ಎರಡೂ ಕಡೆ ಕಬ್ಬಿಣದ ಕಡ್ಡಿಗಳು, ತುದಿಯಲ್ಲಿ ನೆಲ ಸವರುವ ರಬ್ಬರು. ಟೈರಿಗೂ ತಗಡಿಗೂ ನಡುವೆ ಒಂದು ಬೆರಳು ಆರಾಮಾಗಿ ಹೋಗುವಷ್ಟು ಬಯಲು. ಆ ಸೈಕಲ್ಲನ್ನು ರೂಪಿಸಿದವರಿಗೆ ದಾರಿ ಕೆಟ್ಟದ್ದಿರುತ್ತದೆ ಎಂಬುದು ಗೊತ್ತಿತ್ತು. 2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಿಗೂ ಮಡ್‌ಗಾರ್ಡ್ ಹುಟ್ಟಿನಿಂದಲೇ ಬಂದದ್ದು.

ನನ್ನದು ರೋಡ್ ಬೈಕ್, ಆ ಜಾತಿ ಹುಟ್ಟಿದ್ದು ಪಂದ್ಯಕ್ಕೆ. ಅದರ ಟೈರು 23, 25, ಹೆಚ್ಚೆಂದರೆ 28 ಮಿಲಿಮೀಟರ್. ಬ್ರೇಕಿನ ತೋಳುಗಳು ಗಿಡ್ಡ, ಏಕೆಂದರೆ ತೋಳು ಉದ್ದವಾದಷ್ಟೂ ಬಾಗುತ್ತದೆ, ಹಿಡಿತ ಮೆತ್ತಗಾಗುತ್ತದೆ. ಗಿಡ್ಡ ತೋಳಿನ ಬ್ರೇಕು ರಿಮ್ಮಿಗೆ ಎಟುಕಬೇಕಾದರೆ ಚಕ್ರವೇ ಮೇಲಕ್ಕೆ, ಅದರ ಹತ್ತಿರಕ್ಕೆ ಬರಬೇಕು. ಹಾಗೆ ಬಂದು ಬಂದು ಟೈರಿನ ನೆತ್ತಿಗೂ ಬ್ರೇಕಿನ ಹೊಟ್ಟೆಗೂ ನಡುವೆ ಐದಾರು ಮಿಲಿಮೀಟರ್ ಉಳಿದರೆ ಪುಣ್ಯ ಎಂಬ ಸ್ಥಿತಿ. ಮಡ್‌ಗಾರ್ಡ್ ಬಿಗಿಯಲು ಚೌಕಟ್ಟಿನಲ್ಲಿ ತೂತುಗಳೂ ಇರುವುದಿಲ್ಲ. ಡಿಸ್ಕ್ ಬ್ರೇಕಿನ ಹೊಸ ಮಾದರಿಗಳಲ್ಲಿ ಜಾಗ ಸ್ವಲ್ಪ ಹಿಗ್ಗಿದೆ. ಆದರೆ ಕೈಬದಲಾಗಿ ನಮ್ಮ ಊರುಗಳಿಗೆ ಬರುವವು ಹಳೆಯವೇ. ರಸ್ತೆ ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಹೆಸರು ತಂದವರಲ್ಲಿ ಬಹುಮಂದಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು. ಅವರದೂ ಎರೆ ಸೀಮೆಯೇ, ಆದರೆ ಅವರು ಅಭ್ಯಾಸ ಮಾಡುವುದು ಹೆದ್ದಾರಿಯಲ್ಲಿ. ನಾನು ಮಾಡಿದ ತಪ್ಪನ್ನು ಅವರಲ್ಲಿ ಯಾರೂ ಮಾಡಲಾರರು.

ತೂತಿಲ್ಲದ ಚೌಕಟ್ಟಿಗೆಂದೇ ಬಂದದ್ದು ಕ್ಲಿಪ್-ಆನ್. ತೆಳು ಪ್ಲಾಸ್ಟಿಕ್ಕಿನ ಬಾಗಿದ ಪಟ್ಟಿ, ಅದಕ್ಕೆ ಸಣ್ಣ ಕಾಲುಗಳು, ಕಾಲುಗಳನ್ನು ಫೋರ್ಕಿಗೂ ಹಿಂಚಕ್ರದ ಮೇಲಿನ ಕೊಳವೆಗಳಿಗೂ ಬಿಗಿಯಲು ರಬ್ಬರು ಪಟ್ಟಿ. ಐದು ನಿಮಿಷದಲ್ಲಿ ಹಾಕಬಹುದು, ಒಂದು ನಿಮಿಷದಲ್ಲಿ ಕಳಚಬಹುದು. ಮಾರುವವರು ಹಾಕುವ ಸುಲಭವನ್ನು ಹೊಗಳುತ್ತಾರೆ. ಸೇಡಂ, ಚಿತ್ತಾಪುರದಲ್ಲಿ ಸೈಕಲ್ ತುಳಿಯುವವನಿಗೆ ಹೆಚ್ಚು ಮುಖ್ಯವಾದದ್ದು ಕಳಚುವ ಸುಲಭ. ಯಾಕೆಂದು ಹೇಳಲು ಮೊದಲು ನೀರಿನ ಹನಿಯ ಹಿಂದೆ ಹೋಗಬೇಕು, ಆಮೇಲೆ ಮಣ್ಣಿನ ಒಳಗೆ.

ಒದ್ದೆ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೊರಟಿದ್ದೀರಿ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಅಂದರೆ ಸೆಕೆಂಡಿಗೆ ಮೂರಕ್ಕೂ ಹೆಚ್ಚು ಸುತ್ತು. ಟೈರಿಗೆ ಅಂಟಿದ ಹನಿ ಚಕ್ರದ ಜೊತೆ ಸುತ್ತಬೇಕಾದರೆ ಅದನ್ನು ಒಳಕ್ಕೆ ಎಳೆದು ಹಿಡಿಯುವ ಬಲ ಬೇಕು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ನೋಡಿದರೆ ಆ ಬಲ ಹನಿಯ ತೂಕದ ಸುಮಾರು 15 ಪಟ್ಟು ಆಗುತ್ತದೆ. ನೀರಿನ ಮೇಲ್ಮೈ ಸೆಳೆತಕ್ಕೆ ಅಷ್ಟು ಶಕ್ತಿ ಇಲ್ಲ. ಹನಿ ಬಿಟ್ಟುಕೊಡುತ್ತದೆ, ಬಿಟ್ಟ ಜಾಗದಿಂದ ಚಕ್ರದ ಅಂಚಿಗೆ ನೇರವಾದ ಸ್ಪರ್ಶರೇಖೆಯಲ್ಲಿ ಹಾರುತ್ತದೆ. ಕವಣೆಯಿಂದ ಕಲ್ಲು ಹೋಗುವುದೂ ಹೀಗೆಯೇ.

ಎಲ್ಲಿ ಬಿಟ್ಟಿತು ಎನ್ನುವುದರ ಮೇಲೆ ಅದು ಯಾರಿಗೆ ಬಡಿಯುತ್ತದೆ ಎನ್ನುವುದು ನಿಂತಿದೆ. ಸೈಕಲ್ ಮೇಲೆ ಕುಳಿತವನ ಕಣ್ಣಿಂದ ನೋಡಿ: ಚಕ್ರದ ತಳ ಹಿಂದಕ್ಕೆ ಓಡುತ್ತದೆ, ಹಿಂಬದಿ ಮೇಲಕ್ಕೆ ಏರುತ್ತದೆ, ನೆತ್ತಿ ಮುಂದಕ್ಕೆ ಓಡುತ್ತದೆ. ಹಿಂಚಕ್ರದ ಅಚ್ಚಿಗಿಂತ ಕೆಳಗೆ ಬಿಟ್ಟ ಹನಿ ಹಿಂದಕ್ಕೆ, ಮೇಲಕ್ಕೆ ಹೋಗಿ ಹಿಂದೆ ಬರುವವರ ಮುಖಕ್ಕೆ ತಾಗುತ್ತದೆ. ಅಚ್ಚಿನ ಮಟ್ಟದಿಂದ ಮೇಲೆ ಬಿಟ್ಟದ್ದು ಮುಂದಕ್ಕೆ ವಾಲಿ ನಿಮ್ಮ ಬೆನ್ನಿಗೇ ಬರುತ್ತದೆ. ಮಳೆಗಾಲದಲ್ಲಿ ಅಂಗಿಯ ಬೆನ್ನ ಮೇಲೆ ಕಾಣುವ ಆ ಉದ್ದ ಪಟ್ಟೆ ಇದರದೇ ಸಹಿ.

ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 25 ಕಿಲೋಮೀಟರ್ ವೇಗದಲ್ಲಿ ಅಚ್ಚಿನ ಮಟ್ಟದಿಂದ ನೆಟ್ಟಗೆ ಹಾರಿದ ಹನಿ ಎರಡೂಕಾಲು ಮೀಟರ್‌ಗಿಂತ ಮೇಲೆ ಹೋಗಬಲ್ಲದು. ವೇಗವನ್ನು 10 ಕಿಲೋಮೀಟರ್‌ಗೆ ಇಳಿಸಿ, ಆಗ ಯಾವ ಹನಿಯೂ ನೆಲದಿಂದ 80 ಸೆಂಟಿಮೀಟರ್ ದಾಟದು, ಸೀಟಿನ ಎತ್ತರಕ್ಕೂ ಬಾರದು. ವಾಡಿಯಲ್ಲಿ ಮಳೆಯಲ್ಲೂ ನಿಧಾನಕ್ಕೆ ಸೈಕಲ್ ತುಳಿದು ಪಾಳಿಗೆ ಹೋಗುವ ಕಾರ್ಮಿಕನ ಅಂಗಿ ಬಿಳಿಯಾಗೇ ಉಳಿಯುವ ಗುಟ್ಟಿನಲ್ಲಿ ಅರ್ಧ ಮಡ್‌ಗಾರ್ಡ್‌ನದು, ಅರ್ಧ ಅವನ ಸಮಾಧಾನದ್ದು.

ಮುಂಚಕ್ರದ ಕಥೆ ಬೇರೆ, ನಾವು ಹೆಚ್ಚು ಅಸಡ್ಡೆ ಮಾಡುವುದೂ ಅದನ್ನೇ. ಮುಂಚಕ್ರದ ಹಿಂಬದಿಯ ಕೆಳಭಾಗದಿಂದ ಹಾರಿದ್ದು ನೇರ ಪಾದಕ್ಕೆ, ಪೆಡಲಿಗೆ, ಚೈನಿಗೆ. ಬೆನ್ನಿನ ಕೊಳೆ ಒಗೆದರೆ ಹೋಗುತ್ತದೆ. ಚೈನಿನ ಕೊಳೆ ಎಣ್ಣೆಯ ಜೊತೆ ಬೆರೆತು ಉಜ್ಜುವ ಲೇಪವಾಗಿ ಹಲ್ಲುಗಳನ್ನು ತಿನ್ನುತ್ತದೆ. ಆದ್ದರಿಂದ ಕೈಯಲ್ಲಿ ಒಂದೇ ಮಡ್‌ಗಾರ್ಡಿಗೆ ದುಡ್ಡಿದ್ದರೆ ಮುಂದಿನದಕ್ಕೆ ಹಾಕಿ ಎಂದು ನಾನು ಹೇಳುತ್ತೇನೆ. ಸೀಟಿನ ಕೆಳಗೆ ಬಾಲದ ಹಾಗೆ ಚಾಚಿಕೊಂಡಿರುವ, ಎಲ್ಲರೂ ಮೊದಲು ಕೊಳ್ಳುವ ಆ ಹಿಂದಿನ ಪಟ್ಟಿ ಅಂಗಿಯನ್ನು ಮಾತ್ರ ಕಾಯುತ್ತದೆ.

ಇಷ್ಟೂ ನೀರಿನ ಮಾತು. ನಮ್ಮ ರಸ್ತೆಯ ಮೇಲೆ ಬರಿ ನೀರು ಇರುವುದಿಲ್ಲವಲ್ಲ.

ಈ ಸೀಮೆಯ ಅಡಿಯಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿದೆ. ಡೈನೊಸಾರ್‌ಗಳಿಗಿಂತ ಎಷ್ಟೋ ಹಿಂದಿನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತ ಕಲ್ಲು. ಪದರಗಳು ಎಷ್ಟು ಸಪಾಟು ಎಂದರೆ ಉಳಿ ಇಟ್ಟು ಬಡಿದರೆ ಹಲಗೆಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ಅದೇ ಶಹಾಬಾದ್ ಫರ್ಸಿ. ದಕ್ಷಿಣ ಭಾರತದ ಅಂಗಳ, ಪ್ಲಾಟ್‌ಫಾರಂ, ಆಸ್ಪತ್ರೆಯ ಪಡಸಾಲೆಗಳಲ್ಲಿ ನೀವು ಅದರ ಮೇಲೆ ನಡೆದಿರುತ್ತೀರಿ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಕಲ್ಲೂ ರೈಲೂ ಒಂದೇ ಕಡೆ ಇದ್ದ ಮೇಲೆ ಸಿಮೆಂಟ್ ಬರದೆ ಇದ್ದೀತೆ? ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಕಾರ್ಖಾನೆ, 1968ರಲ್ಲಿ ವಾಡಿಯದು, ಆಮೇಲೆ ಸೇಡಂ, ಮಳಖೇಡದವು. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿಗೆ ಕಾಯಿಸಿ, ಉಂಡೆಯಾದದ್ದನ್ನು ಜಿಪ್ಸಂ ಜೊತೆ ಬೀಸಿದರೆ ಸಿಮೆಂಟ್.

ಹಾಗಾಗಿ ಈ ಕಡೆಯ ಡಾಂಬರಿನ ಮೇಲೆ ಮಳೆ ಬಿದ್ದ ಕೂಡಲೆ ಹರಿಯುವುದು ಹಾಲಿನಂಥ ನೀರು. ಅದರಲ್ಲಿ ಫರ್ಸಿ ಪಾಲಿಷ್ ಮಾಡಿದ ಬಿಳಿ ಕೆಸರು ಇದೆ, ಲಾರಿಯಿಂದ ಉದುರಿದ ಪುಡಿ ಇದೆ, ಮರಳೂ ಇದೆ. ಸುಣ್ಣಕಲ್ಲಿನ ಪುಡಿ ಉಕ್ಕಿಗಿಂತ ಮೃದು, ಮೋಸ್ ಮಾಪನದಲ್ಲಿ 3. ಅದು ಚೈನನ್ನು ಕೊರೆಯುವುದಕ್ಕಿಂತ ಹೆಚ್ಚಾಗಿ ಎಣ್ಣೆಯನ್ನು ಹೀರಿ ಒಣಗಿಸುತ್ತದೆ. ಕೊರೆಯುವ ಕೆಲಸ ಮರಳಿನದು, ಅದರ ಗಡಸುತನ 7. ಸಿಮೆಂಟಿನ ಚೇಷ್ಟೆ ಮೂರನೆಯ ಬಗೆಯದು. ಒದ್ದೆ ಸಿಮೆಂಟ್ ತೀವ್ರ ಕ್ಷಾರ, ಪಿಎಚ್ 12ರಿಂದ 13. ಆಮ್ಲಕ್ಕೂ ಕ್ಷಾರಕ್ಕೂ ಸೋಲುವ ಲೋಹ ಅಲ್ಯೂಮಿನಿಯಂ, ನಿಮ್ಮ ರಿಮ್ಮು ಅದರದ್ದೇ. ಒಣಗಲು ಬಿಟ್ಟರೆ ಕ್ಷಾರ ಕಚ್ಚುವುದೂ ಆಯಿತು, ಸಿಮೆಂಟ್ ಗಟ್ಟಿಯಾಗುವುದೂ ಆಯಿತು. ಅದೇ ಸಂಜೆ ಒಂದು ಬಕೆಟ್ ನೀರು ಹೊಯ್ದರೆ ಸಾಕು, ಮರುದಿನ ಸಾಲದು.

ಈ ಹಾಲುನೀರಿಗೆ ಮಡ್‌ಗಾರ್ಡ್ ಸರಿಯಾದ ಮದ್ದು. ಸಂದು ಕಿರಿದಾದರೂ ನೀರು ಹರಿದು ಹೋಗುತ್ತದೆ. ಕಾಕಾನ ಪ್ರಶ್ನೆ ಹುಟ್ಟುವುದು ಡಾಂಬರು ಮುಗಿದು ಎರೆ ಶುರುವಾದ ಜಾಗದಲ್ಲಿ.

ಎರೆ ಮಣ್ಣಿನ ತವರು ದಖ್ಖನಿನ ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಅದು ಕೊಳೆತು, ನಮ್ಮ ಕಡೆ ಸುಣ್ಣಕಲ್ಲಿನ ಅಂಶವೂ ಸೇರಿ, ಆದ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನ ಹೆಸರು ಅದಕ್ಕೆ. ನಮ್ಮ ತೊಗರಿಯ ಹೊಲಕ್ಕೆ ಫ್ರೆಂಚ್ ಊರಿನ ಹೆಸರು ಅಂಟಿಕೊಂಡಿದ್ದು ವಿಜ್ಞಾನದ ಒಂದು ತಮಾಷೆ. ಇದರ ಕಣ ಎಂದರೆ ಒಂದು ನ್ಯಾನೋಮೀಟರ್ ದಪ್ಪದ ಹಾಳೆಗಳ ಕಟ್ಟು, ಹಳೆಯ ಲೆಕ್ಕದ ವಹಿಯ ಹಾಗೆ. ಹಾಳೆಗಳ ಮೈಮೇಲೆ ಋಣ ವಿದ್ಯುದಂಶ, ಅದನ್ನು ಸರಿದೂಗಿಸಲು ನಡುವೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು. ಹಾಳೆ ಹಾಳೆಗೆ ಇರುವ ನಂಟು ಸಡಿಲ. ನೀರು ಸಿಕ್ಕರೆ ಅಯಾನುಗಳು ಅದನ್ನು ಒಳಕ್ಕೆ ಕರೆಯುತ್ತವೆ, ವಹಿ ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋದಾಗ ಕುಗ್ಗುತ್ತದೆ, ಹೊಲದಲ್ಲಿ ಕೈ ಹೋಗುವಷ್ಟು ಬಿರುಕು.

ಶುದ್ಧ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಂನಲ್ಲಿರುವ ಹಾಳೆಗಳನ್ನೆಲ್ಲ ಬಿಚ್ಚಿ ಹಾಸಿದರೆ 700ರಿಂದ 800 ಚದರ ಮೀಟರ್, ಹೆಚ್ಚುಕಡಿಮೆ ಆರು ಕಬಡ್ಡಿ ಅಂಕಣ. ಅಷ್ಟು ಮೈಯೆಲ್ಲ ನೀರು ಹಿಡಿಯಲು, ಹಾಗೆಯೇ ಅಂಟಲು. ಎದುರಿಗೆ ಚಿಂಚೋಳಿಯ ಗುಡ್ಡದ ಕೆಂಪು ಮಣ್ಣನ್ನು ಇಟ್ಟು ನೋಡಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನ ಕಡೆ ಜಂಬಿಟ್ಟಿಗೆಯ ನೆಲ. ಅಂಥ ಮಣ್ಣಿನಲ್ಲಿ ಕೆಯೊಲಿನೈಟ್ ಹೆಚ್ಚು. ಅದರ ಹಾಳೆಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಗಟ್ಟಿಯಾಗಿ ಕೂಡಿಕೊಂಡಿವೆ, ನೀರನ್ನು ಒಳಗೆ ಬಿಡುವುದಿಲ್ಲ. ಗ್ರಾಂಗೆ ಮೈ ಹತ್ತಿಪ್ಪತ್ತು ಚದರ ಮೀಟರ್ ಮಾತ್ರ. ಕೆಂಪು ಮಣ್ಣು ಬಟ್ಟೆಗೆ ಬಣ್ಣ ಬಳಿಯುತ್ತದೆ, ಚಕ್ರವನ್ನು ಹಿಡಿದು ನಿಲ್ಲಿಸುವುದು ಅಪರೂಪ. ಒಂದೇ ಸೈಕಲ್, ಒಂದೇ ಮಡ್‌ಗಾರ್ಡ್, ಒಂದೇ ದಿನದ ಮಳೆ. ಆದರೂ ಚಿಂಚೋಳಿಯ ಗುಡ್ಡದಲ್ಲಿ ಓಡಿದ್ದು ಸೇಡಂನ ಹೊಲದಲ್ಲಿ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ರೈತರಿಗೆ ಇದು ಗೊತ್ತು, ನನಗೆ ಗೊತ್ತಿರಲಿಲ್ಲ. ಎರೆ ಅತಿ ಹೆಚ್ಚು ಅಂಟುವುದು ಮಳೆ ಹೊಯ್ಯುವಾಗ ಅಲ್ಲ. ನೀರು ಹೆಚ್ಚಿದ್ದರೆ ಅದು ಅಂಬಲಿ, ಜಾರಿ ಹೋಗುತ್ತದೆ. ಪೂರಾ ಒಣಗಿದ್ದರೆ ಹೆಂಟೆ, ಉದುರಿ ಹೋಗುತ್ತದೆ. ನಡುವೆ ಒಂದು ಹದವಿದೆ. ಆಗ ಮಣ್ಣು ತನ್ನನ್ನು ತಾನು ಹಿಡಿದುಕೊಳ್ಳುವ ಬಲವೂ ಇರುತ್ತದೆ, ಎದುರಿನ ರಬ್ಬರು, ಪ್ಲಾಸ್ಟಿಕ್ಕಿಗೆ ತೆಳು ನೀರಿನ ಪದರದಿಂದ ಅಂಟಿಕೊಳ್ಳುವ ಬಲವೂ ಇರುತ್ತದೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಈ ಹದಗಳಿಗೆ ಗಡಿ ಹಾಕಿದ. ಮಣ್ಣು ಕಣಕದಂತಾಗುವ ಗಡಿ ಒಂದು, ಹರಿಯಲು ತೊಡಗುವ ಗಡಿ ಇನ್ನೊಂದು. ಬೇರೆ ಮಣ್ಣುಗಳಲ್ಲಿ ಈ ಎರಡರ ನಡುವಿನ ಅಂತರ ಚಿಕ್ಕದು, ಮಳೆ ನಿಂತ ಕೆಲವು ತಾಸಿಗೆ ದಾಟಿಹೋಗುತ್ತದೆ. ಎರೆಯಲ್ಲಿ ಅಂತರ ದೊಡ್ಡದು. ಮಳೆ ನಿಂತ ಮೇಲೂ ದಿನಗಟ್ಟಲೆ ಅದು ಕಣಕವಾಗಿಯೇ ಇರುತ್ತದೆ. ನಾನು ಹೊಲದ ದಾರಿ ಹಿಡಿದದ್ದು ಬಿಸಿಲು ಬಿದ್ದಿದೆ ಎಂಬ ಧೈರ್ಯದಲ್ಲಿ, ಅದೇ ಕೆಟ್ಟ ಘಳಿಗೆ.

ಆಮೇಲಿನದು ಸರಳ ಗಣಿತ. ಚಕ್ರ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮಣ್ಣು ಹೊದ್ದುಕೊಳ್ಳುತ್ತದೆ ಎಂದುಕೊಳ್ಳಿ. ಸಂದು 5 ಮಿಲಿಮೀಟರ್ ಇದ್ದರೆ ಹತ್ತು ಸುತ್ತಿಗೆ ತುಂಬಿತು. ಹತ್ತು ಸುತ್ತು ಎಂದರೆ 21 ಮೀಟರ್. ಕರಿ ಸೈಕಲ್ಲಿನ ಬೆರಳಗಲದ ಬಯಲು ಇನ್ನೂ ಒಂದಿಷ್ಟು ದೂರ ತಳ್ಳಿಕೊಂಡು ಹೋಗುತ್ತದೆ, ಅಷ್ಟೇ. ಅದೂ ನಿಲ್ಲುವುದನ್ನು ನೋಡಿದ್ದೇನೆ. ಈ ಸೀಮೆಯಲ್ಲಿ ನಿಜವಾಗಿ ಗೆದ್ದದ್ದು ಎತ್ತಿನ ಗಾಡಿ. ದೊಡ್ಡ ಗಾಲಿ, ಕಿರಿದಾದ ಕಬ್ಬಿಣದ ಹಳಿ, ಮೇಲೆ ಏನೂ ಮುಚ್ಚಿಲ್ಲ, ಮೆತ್ತಿದ್ದು ತನ್ನ ತೂಕಕ್ಕೆ ತಾನೇ ಕಳಚಿ ಬೀಳುತ್ತದೆ. ಮಳಖೇಡದಿಂದ ಆಳಿದ ಅಮೋಘವರ್ಷನ ರಥಗಳಿಗೂ ಕಾಗಿಣಾ ದಂಡೆಯ ಇದೇ ಎರೆ ಮೆತ್ತಿರಬೇಕು. ಕವಿಗಳು ಅದನ್ನು ಹೇಳುವುದಿಲ್ಲ.

ಈಗ ಕೂಡಿಸುವ ಕೆಲಸ. ಮೊದಲು ಟೈರಿಗೆ ಪೂರ್ತಿ ಗಾಳಿ ಹೊಡೆಯಿರಿ, ಗಾಳಿ ಕಡಿಮೆಯಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಅಳೆಯಲು ಉಪಕರಣ ಬೇಡ, ಎಲ್ ಕೀಗಳ ಕಟ್ಟು ಸಾಕು. 4, 5, 6 ಎಂದು ಬರೆದಿರುವುದು ಅದರ ದಪ್ಪವೇ. ಟೈರಿಗೂ ಬ್ರೇಕಿಗೂ ನಡುವೆ 6ರ ಕೀ ತಾಗದೆ ಹಾಯ್ದರೆ, 2 ಮಿಲಿಮೀಟರ್ ಪ್ಲಾಸ್ಟಿಕ್ಕಿಗೆ, 4 ಮಿಲಿಮೀಟರ್ ಬಯಲಿಗೆ, ಒಂದೇ ತುಂಡಿನ ಮಡ್‌ಗಾರ್ಡ್ ಹೇಗೋ ಹಿಡಿಸುತ್ತದೆ. ಕೀ ತೂರಿಸಲು ಬಾರದ ಜಾಗವಿದ್ದರೆ ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತನ್ನಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸಂದಿಗೆ ಒತ್ತಿ, ಮೆಲ್ಲಗೆ ಚಕ್ರ ತಿರುಗಿಸಿ ಹೊರತೆಗೆದು ಅದರ ಅತಿ ತೆಳುವಾದ ಕಡೆ ಅಳೆಯಿರಿ. ಮನೆಯವರು ಏನೆಂದರೂ ತಲೆ ಕೆಡಿಸಿಕೊಳ್ಳಬೇಡಿ.

6ರ ಕೀ ಹೋಗದಿದ್ದರೆ, ಬಹುತೇಕ ರೋಡ್ ಬೈಕ್‌ಗಳಲ್ಲಿ ಹೋಗುವುದಿಲ್ಲ, ಎರಡು ತುಂಡಿನದನ್ನು ಕೊಳ್ಳಿ. ಅದು ಬ್ರೇಕಿನ ಕೆಳಗೆ ತೂರುವುದೇ ಇಲ್ಲ, ಬ್ರೇಕಿಗೆ ಹಿಂದೆ ಒಂದು ತುಂಡು, ಮುಂದೆ ಒಂದು ತುಂಡು ಕೂತು ನಡುವಿನ ಇಕ್ಕಟ್ಟನ್ನು ಖಾಲಿ ಬಿಡುತ್ತದೆ. ಆ ಖಾಲಿಯಿಂದ ನಾಲ್ಕು ಹನಿ ಬೀಳುತ್ತವೆ, ಬೀಳಲಿ. ಜಾಗ ಬೇಕೇಬೇಕು ಎನ್ನುವವರಿಗೆ ಅಗ್ಗದ ದಾರಿ ಟೈರು ಬದಲಿಸುವುದು. ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ, ಹಾಗಾಗಿ 28ರಿಂದ 25ಕ್ಕೆ ಇಳಿದರೆ ಮೇಲೆ ಸುಮಾರು 3 ಮಿಲಿಮೀಟರ್, ಎರಡೂ ಪಕ್ಕ ಒಂದೂವರೆ ಸಿಗುತ್ತದೆ. ನಮ್ಮ ಗುಂಡಿಗಳ ರಸ್ತೆಗೆ 28 ಮೆತ್ತಗೆ ಎಂಬುದೂ ನಿಜ. ನಾನು 25ಕ್ಕೆ ಇಳಿದೆ, ಬೆನ್ನುಮೂಳೆ ಇನ್ನೂ ದೂರುತ್ತಿದೆ.

ಪ್ಲಾಸ್ಟಿಕ್ ಪಟ್ಟಿ ಟೈರಿಗಿಂತ ಅಗಲವಿರಬೇಕು, ಎರಡೂ ಪಕ್ಕ ನಾಲ್ಕೈದು ಮಿಲಿಮೀಟರ್. ಕಾಲುಗಳನ್ನು ಕಟ್ಟುವ ಮೊದಲು ಕೊಳವೆಗೆ ಹಳೆಯ ಟ್ಯೂಬಿನ ತುಂಡು ಸುತ್ತಿ. ರಬ್ಬರು ಪಟ್ಟಿಯ ಅಡಿ ಸಿಕ್ಕ ಮರಳು ಪ್ರತಿ ಅಲುಗಾಟಕ್ಕೂ ಬಣ್ಣವನ್ನು ಕೆರೆಯುತ್ತದೆ, ಒಂದೇ ಮಳೆಗಾಲಕ್ಕೆ ಲೋಹ ಇಣುಕುತ್ತದೆ. ಟ್ಯೂಬು ಜಾರದಂತೆಯೂ ಹಿಡಿಯುತ್ತದೆ.

ಬಾಗನ್ನು ಹೊಂದಿಸುವಾಗ ಒಂದು ಮಾತು ನೆನಪಿಡಿ: ಚಕ್ರ ಯಾವ ಕಡೆಯಿಂದ ಒಳಗೆ ಬರುತ್ತದೋ ಅಲ್ಲಿ ಸಂದು ಕಿರಿದಿರಲಿ, ಎಲ್ಲಿಂದ ಹೊರಗೆ ಹೋಗುತ್ತದೋ ಅಲ್ಲಿ ಅಗಲವಿರಲಿ. ಆಗ ಒಳಗೆ ನುಗ್ಗಿದ ಹರಳು ಸಿಕ್ಕಿಹಾಕಿಕೊಳ್ಳದೆ ಆಚೆ ಹೋಗುತ್ತದೆ. ಎರಡೂ ಚಕ್ರಗಳಲ್ಲಿ ಟೈರು ಮಡ್‌ಗಾರ್ಡಿನ ಹಿಂದಿನ, ಕೆಳಗಿನ ತುದಿಯಿಂದ ಒಳಬಂದು ಮುಂದಿನ ತುದಿಯಿಂದ ಹೊರಹೋಗುತ್ತದೆ. ಇಕ್ಕಟ್ಟಾದ ರೋಡ್ ಬೈಕಿನ ಶಾಪ ಇರುವುದು ಇಲ್ಲೇ, ಹೊರಬಾಗಿಲಿನಲ್ಲಿ ಬ್ರೇಕು ಕೂತಿದೆ, ಮನೆಯ ಅತಿ ಕಿರಿದಾದ ಬಾಗಿಲು ಅದೇ. ನನ್ನ ಹೂರಣ ಗಟ್ಟಿಯಾಗಿ ಕುಳಿತಿದ್ದೂ ಅಲ್ಲೇ. ಎರಡು ತುಂಡಿನದರಲ್ಲಿ ಹಿಂದಿನ ತುಂಡು ಬಾಗಿಲಿಗೆ ಮುಂಚೆಯೇ ಮುಗಿಯುವುದರಿಂದ ಬಂದದ್ದು ಬದಿಗೆ ಉದುರಲು ಜಾಗ ಸಿಗುತ್ತದೆ.

ಮುಂದಿನ ಮಡ್‌ಗಾರ್ಡಿನ ಕೆಳತುದಿಗೆ ಒಂದು ನಾಲಿಗೆ ಕಟ್ಟಿ. ಕಂಪನಿಯವರು ಕೊಡುವುದು ಗಿಡ್ಡ, ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನಿನ ಬದಿಯನ್ನು ಕತ್ತರಿಸಿದರೆ ಒಳ್ಳೆಯ ನಾಲಿಗೆಯಾಗುತ್ತದೆ. ನೆಲದಿಂದ ಒಂದು ಗೇಣಿಗಿಂತ ಮೇಲೆ ಬೇಡ, ನಾಲ್ಕು ಬೆರಳಿಗಿಂತ ಕೆಳಗೂ ಬೇಡ. ಕೂಡಿಸಿ ಮುಗಿದ ಮೇಲೆ ಚಕ್ರ ಎತ್ತಿ ತಿರುಗಿಸಿ ಕಿವಿ ಕೊಡಿ, ಸರಸರ ಸದ್ದು ಬಂದರೆ ಎಲ್ಲೋ ತಾಗುತ್ತಿದೆ. ಆಮೇಲೆ ಪೆಡಲು ಮುಂದಿಟ್ಟು ಹ್ಯಾಂಡಲ್ ತಿರುಗಿಸಿ, ಬೂಟಿನ ತುದಿ ಮಡ್‌ಗಾರ್ಡಿಗೆ ಬಡಿಯುತ್ತದೆಯೇ ನೋಡಿ. ಅನೇಕ ರೋಡ್ ಬೈಕ್‌ಗಳಲ್ಲಿ ಬಡಿಯುತ್ತದೆ. ವೇಗದಲ್ಲಿ ಅಷ್ಟು ತಿರುಗಿಸುವುದಿಲ್ಲವಾದ್ದರಿಂದ ತೊಂದರೆಯಿಲ್ಲ, ಸಂತೆಯ ಜನಜಂಗುಳಿಯಲ್ಲಿ ನಿಧಾನಕ್ಕೆ ಹೊರಳುವಾಗ ಬೀಳಿಸುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಾಸ್ಯವಿಲ್ಲದೆ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಮೇಲೆ ರಸ್ತೆಯ ಮೇಲೆಲ್ಲ ತೊಗರಿ ಕಟ್ಟಿಗೆ ಬಿದ್ದಿರುತ್ತದೆ, ಬೆರಳು ದಪ್ಪ, ಗಟ್ಟಿ. ಮುಂಚಕ್ರ ಅದನ್ನು ಎತ್ತಿಕೊಂಡು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆಣೆ ಹೊಡೆದರೆ ಚಕ್ರ ಇಡೀ ಮಡ್‌ಗಾರ್ಡನ್ನು ಸುತ್ತಿಕೊಂಡು ಫೋರ್ಕಿಗೆ ಸಿಗಿಸುತ್ತದೆ. 25 ಕಿಲೋಮೀಟರ್ ವೇಗದಲ್ಲಿ ಅರ್ಧ ಸುತ್ತಿಗೆ ಹಿಡಿಯುವ ಸಮಯ ಸೆಕೆಂಡಿನ ಏಳನೆಯ ಒಂದು ಪಾಲು. ಕಣ್ಣು ಕಂಡು, ಕೈ ಬ್ರೇಕ್ ಹಿಡಿಯಲು ಅದಕ್ಕಿಂತ ಹೆಚ್ಚು ಬೇಕು. ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಆದ್ದರಿಂದ ಮುಂದಿನ ಮಡ್‌ಗಾರ್ಡ್ ಜಗ್ಗಿದರೆ ಕಳಚಿ ಬರಬೇಕು. ರಬ್ಬರು ಪಟ್ಟಿ ಕೊಟ್ಟಿರುವುದು ಉಳಿತಾಯಕ್ಕಲ್ಲ, ಇದಕ್ಕೆ. ಅದು ಅಲುಗಾಡುತ್ತದೆ ಎಂದು ಕೇಬಲ್ ಟೈ, ತಂತಿ ಹಾಕಿ ಬಿಗಿದವರನ್ನು ನೋಡಿದ್ದೇನೆ, ನಾನೂ ಒಮ್ಮೆ ಬಿಗಿದಿದ್ದೆ. ಹಿಂದಿನದಕ್ಕೆ ಬೇಕಾದರೆ ಬಿಗಿಯಿರಿ. ಮುಂದಿನದಕ್ಕೆ ಬೇಡ.

ಕಳಚುವುದು ಯಾವಾಗ? ಇದಕ್ಕೂ ಪರೀಕ್ಷೆಯಿದೆ. ಅಟರ್‌ಬರ್ಗ್ ಹಾಕಿದ ಗಡಿಗಳನ್ನು 1932ರಲ್ಲಿ ಆರ್ಥರ್ ಕ್ಯಾಸಗ್ರಾಂಡೆ ಎಂಬ ಎಂಜಿನಿಯರ್ ಪ್ರಯೋಗಾಲಯಕ್ಕೆ ಒಪ್ಪುವಂತೆ ಕ್ರಮಗೊಳಿಸಿದ. ಇವತ್ತಿಗೂ ರಸ್ತೆ ಕಟ್ಟುವ ಮುನ್ನ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಹೊಸೆದು ನೋಡುತ್ತಾರೆ. 3 ಮಿಲಿಮೀಟರ್ ದಪ್ಪದ ಎಳೆಯಾಗುವಾಗ ಪುಡಿಯಾದರೆ ಅದು ಕಣಕದ ಕೆಳಗಡಿ. ಪ್ರಯೋಗಾಲಯದ ಗಾಜು ನಮಗೆ ಬೇಡ, ಹೊಲದ ದಾರಿ ಶುರುವಾಗುವಲ್ಲಿ ಯಾವುದೋ ಮನೆಯ ಕಟ್ಟೆಗೆ ಹಾಸಿದ ಫರ್ಸಿ ಇದ್ದೇ ಇರುತ್ತದೆ. ಒಂದು ಚಿಟಿಕೆ ಎರೆ ತೆಗೆದು ಅದರ ಮೇಲೆ ಶಾವಿಗೆಯಂತೆ ಹೊಸೆಯಿರಿ. ಹೊಸೆಯುವ ಮೊದಲೇ ಪುಡಿಯಾದರೆ ಹೋಗಿ. ಅಂಬಲಿಯಂತೆ ಹರಡಿದರೆ ಮೆಲ್ಲಗೆ ಹೋಗಬಹುದು. ಚೆಂದದ ಶಾವಿಗೆ ಬಂತೋ, ಮಡ್‌ಗಾರ್ಡ್ ಕಳಚಿ ಬೆನ್ನಿನ ಚೀಲಕ್ಕೆ ಸಿಗಿಸಿ. ಇಲ್ಲವೇ ಬಂದ ದಾರಿಗೆ ತಿರುಗಿ, ಡಾಂಬರಿನ ಎರಡು ಕಿಲೋಮೀಟರ್ ಹೆಚ್ಚು ತುಳಿಯಿರಿ.

ಕಾಕಾ ಆ ದಿನ ಮಣ್ಣು ಕೆದರಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಚಹಾ ಕುಡಿಸಿ ಕಳಿಸಿದರು. ನಾನೀಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತುಂಡಿನ ಮಡ್‌ಗಾರ್ಡ್ ಹಾಕಿ ಓಡಾಡುತ್ತೇನೆ, ಹೊಲದ ದಾರಿಯ ಬಾಯಲ್ಲಿ ಕಳಚುತ್ತೇನೆ. ತೊಗರಿ ಕೊಯ್ಲಿನ ದಿನಗಳಲ್ಲಿ ಮುಂದಿನದನ್ನು ಮನೆಯಲ್ಲೇ ಬಿಡುತ್ತೇನೆ. ನೀವು ಹೊಸ ರೋಡ್ ಬೈಕ್ ಕೊಳ್ಳುವವರಿದ್ದರೆ ಗೇರು ಎಷ್ಟು, ತೂಕ ಎಷ್ಟು ಎಂದು ಕೇಳುವ ಮೊದಲು ಅಂಗಡಿಯಲ್ಲೇ ಬಗ್ಗಿ ಟೈರಿಗೂ ಬ್ರೇಕಿಗೂ ನಡುವೆ ಕಿರುಬೆರಳು ಹಾಕಿ ನೋಡಿ. ಹೋಗದಿದ್ದರೆ ಬೇರೆ ಮಾದರಿ ತೋರಿಸಲು ಹೇಳಿ.